‘ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ’: ಕಚೇರಿಯ ಲ್ಯಾಪ್‌ಟಾಪ್ ಲೆಕ್ಕ ತಪ್ಪುವುದು ಎಲ್ಲಿ?

ಕೆಲಸ ಬಿಟ್ಟು ಎರಡು ತಿಂಗಳಾಗಿರುತ್ತದೆ. ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಎಲ್ಲವನ್ನೂ ಕೊನೆಯ ದಿನವೇ ಒಪ್ಪಿಸಿಯಾಗಿರುತ್ತದೆ. ಆದರೂ ಒಂದು ಇಮೇಲ್ ಬರುತ್ತದೆ: ನಿಮ್ಮ ಹೆಸರಿನಲ್ಲಿ ಒಂದು ಲ್ಯಾಪ್‌ಟಾಪ್ ಬಾಕಿ ಇದೆ, ಅದು ಬರುವವರೆಗೆ ಫೈನಲ್ ಸೆಟಲ್‌ಮೆಂಟ್ ಇಲ್ಲ. ಫೋನ್ ಮಾಡಿ ಕೇಳಿದರೆ ಉತ್ತರ ಒಂದೇ: ‘ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಸರ್.’ ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಕಥೆಯೇನಲ್ಲ.

ಕಂಪ್ಯೂಟರ್ ಹೇಳಿದ ಮೇಲೆ ಸರಿಯೇ ಇರಬೇಕು ಎಂದು ನಂಬುವವರು ಬಹಳ. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಇದೆ: ‘ಸಿಂಕ್ ಆನ್ ಇದ್ದರೆ ಸಾಕು, ಎಲ್ಲವೂ ತಾನಾಗಿ ಸರಿಯಿರುತ್ತದೆ.’ ಎರಡೂ ಅರ್ಧ ಸತ್ಯಗಳು. ಕಂಪ್ಯೂಟರ್ ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಅದಕ್ಕೆ ಕೊಟ್ಟದ್ದು ಏನು, ಯಾವ ದಾರಿಯಲ್ಲಿ ಬಂತು, ಬರುವಾಗ ಏನೇನು ಕಳೆದುಕೊಂಡಿತು ಎನ್ನುವುದು ಬೇರೆಯೇ ಮಾತು.

ಏನಿದು ಅಸೆಟ್ ಮ್ಯಾನೇಜ್‌ಮೆಂಟ್?

ಒಂದು ಸಂಸ್ಥೆಯ ಲ್ಯಾಪ್‌ಟಾಪ್, ಮಾನಿಟರ್, ಫೋನ್, ಪ್ರಿಂಟರ್, ಸರ್ವರ್, ಸಾಫ್ಟ್‌ವೇರ್ ಲೈಸೆನ್ಸ್ ಇವೆಲ್ಲ ಎಷ್ಟಿವೆ, ಯಾರ ಬಳಿ ಇವೆ, ವಾರಂಟಿ ಯಾವಾಗ ಮುಗಿಯುತ್ತದೆ ಎಂಬ ಲೆಕ್ಕ ಇಡುವ ಸಾಫ್ಟ್‌ವೇರ್ ಇದು. ಹಳೆಯ ಕಚೇರಿಗಳ ಸ್ಟಾಕ್ ರಿಜಿಸ್ಟರ್‌ನ ಹೊಸ ರೂಪ ಎನ್ನಿ. ಸ್ನೈಪ್-ಐಟಿ, ಜಿಎಲ್‌ಪಿಐಯಂಥ ಮುಕ್ತ ತಂತ್ರಾಂಶಗಳಿವೆ, ಸರ್ವಿಸ್‌ನೌನಂಥ ದುಬಾರಿ ವ್ಯವಸ್ಥೆಗಳೂ ಇವೆ. ಐಟಿ ಕಂಪನಿಗಳಷ್ಟೇ ಅಲ್ಲ, ಆಸ್ಪತ್ರೆ, ಬ್ಯಾಂಕು, ಕಾಲೇಜುಗಳಿಗೂ ಇಂಥ ಲೆಕ್ಕ ಬೇಕು.

ಈ ಲೆಕ್ಕದೊಳಗೆ ಮಾಹಿತಿ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಇಂಪೋರ್ಟ್: ಎಕ್ಸೆಲ್ ಪಟ್ಟಿಯನ್ನೋ ಸಿಎಸ್‌ವಿ ಫೈಲನ್ನೋ ಒಂದೇ ಸಲ ಒಳಗೆ ಸುರಿಯುವುದು. ಇನ್ನೊಂದು ಸಿಂಕ್: ಎರಡು ಕಡೆಯ ಲೆಕ್ಕವನ್ನು ಆಗಾಗ ತಾಳೆ ನೋಡಿ ಒಂದೇ ಆಗಿರುವಂತೆ ನೋಡಿಕೊಳ್ಳುವುದು.

ವ್ಯತ್ಯಾಸ ಅರ್ಥವಾಗಬೇಕಾದರೆ ಮನೆಯ ಹಾಲಿನ ಲೆಕ್ಕ ನೆನಪಿಸಿಕೊಳ್ಳಿ. ಹಾಲಿನವರ ಪುಸ್ತಕದಲ್ಲಿ ಒಂದು ಲೆಕ್ಕ, ನಿಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಇನ್ನೊಂದು. ವರ್ಷದ ಕೊನೆಯಲ್ಲಿ ಹಳೆಯ ಕ್ಯಾಲೆಂಡರ್‌ನ ಬಾಕಿಯನ್ನು ಹೊಸದಕ್ಕೆ ಬರೆದುಕೊಂಡರೆ ಅದು ಇಂಪೋರ್ಟ್. ತಿಂಗಳ ಕೊನೆಗೆ ಎರಡನ್ನೂ ಎದುರುಬದುರು ಇಟ್ಟು ಸರಿ ಮಾಡಿಕೊಂಡರೆ ಅದು ಸಿಂಕ್. 14ನೇ ತಾರೀಖು ಅವರಲ್ಲಿ ಒಂದು ಲೀಟರ್, ನಿಮ್ಮಲ್ಲಿ ಅರ್ಧ ಲೀಟರ್ ಎಂದಿದ್ದರೆ ಯಾರ ಮಾತು ನಡೆಯಬೇಕು? ಆ ತೀರ್ಮಾನವನ್ನು ಯಾರಾದರೂ ಮೊದಲೇ ಮಾಡಿರಬೇಕು. ಸಾಫ್ಟ್‌ವೇರ್ ತಾನಾಗಿ ನ್ಯಾಯ ಹೇಳುವುದಿಲ್ಲ.

ಎಕ್ಸೆಲ್ ನುಂಗುವ ಅಂಕಿಗಳು

ಇಂಪೋರ್ಟ್‌ನಲ್ಲಿ ಆಗುವ ಬಹಳಷ್ಟು ಅನಾಹುತ ಸಾಫ್ಟ್‌ವೇರ್‌ಗೆ ಫೈಲ್ ತಲುಪುವ ಮೊದಲೇ ಆಗಿಹೋಗಿರುತ್ತದೆ. ಫೈಲನ್ನು ‘ಒಮ್ಮೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಿದಾಗ.

ಎಕ್ಸೆಲ್‌ಗೆ ಒಂದು ಅಭ್ಯಾಸವಿದೆ. ಅಂಕಿಯಂತೆ ಕಂಡದ್ದನ್ನೆಲ್ಲ ಅದು ಲೆಕ್ಕ ಮಾಡಬೇಕಾದ ಸಂಖ್ಯೆ ಎಂದುಕೊಳ್ಳುತ್ತದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಅದಕ್ಕೆ 80. ಉದ್ಯೋಗಿ ಸಂಖ್ಯೆ 00412 ಅದಕ್ಕೆ 412. ಇನ್ನೊಂದು ಕಡೆಯ ಪಟ್ಟಿಯಲ್ಲಿ 00412 ಎಂದೇ ಇದ್ದರೆ ಇಬ್ಬರೂ ಬೇರೆ ಬೇರೆ ಮನುಷ್ಯರಾದರು.

ಫೋನಿನ ಐಎಂಇಐ ಸಂಖ್ಯೆಗೆ ಇನ್ನೂ ದೊಡ್ಡ ಗಂಡಾಂತರ. ನಿಮ್ಮ ಫೋನಿನಲ್ಲಿ *#06# ಒತ್ತಿದರೆ ಕಾಣುವ 15 ಅಂಕಿಯ ಸಂಖ್ಯೆ ಅದು. ಸಿಎಸ್‌ವಿ ಫೈಲನ್ನು ನೇರವಾಗಿ ತೆರೆದರೆ ಎಕ್ಸೆಲ್ ಇಷ್ಟು ಉದ್ದದ ಸಂಖ್ಯೆಯನ್ನು ವಿಜ್ಞಾನದ ಪುಸ್ತಕದಲ್ಲಿರುವಂತೆ 3.56782 ಗುಣಿಸು 10ರ ಘಾತ 14 ಎಂಬ ರೂಪದಲ್ಲಿ ತೋರಿಸುತ್ತದೆ. ಅದೇ ಸ್ಥಿತಿಯಲ್ಲಿ ಮತ್ತೆ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಪರದೆಯಲ್ಲಿ ಕಂಡದ್ದೇ ಫೈಲಿಗೆ ಹೋಗುತ್ತದೆ. ಆಮೇಲೆ ತೆರೆದರೆ ಸಿಗುವುದು 356782000000000. ಕೊನೆಯ 9 ಅಂಕಿ ಹೋಯಿತು, ಮತ್ತೆ ಬರುವುದಿಲ್ಲ. ಒಂದೇ ಮಾಡೆಲ್‌ನ 50 ಫೋನ್ ಇದ್ದರೆ ಮೊದಲ ಕೆಲವು ಅಂಕಿಗಳು ಒಂದೇ ಆಗಿರುವ ಸಾಧ್ಯತೆ ಹೆಚ್ಚು. ಆಗ ಪಟ್ಟಿಯಲ್ಲಿ 50 ಫೋನಿಗೂ ಒಂದೇ ಸಂಖ್ಯೆ! ಅವುಗಳಲ್ಲಿ ಒಂದು ಕಳುವಾಯಿತು ಎಂದುಕೊಳ್ಳಿ. ಬ್ಲಾಕ್ ಮಾಡಿಸಲು ಸಂಚಾರ ಸಾಥಿ ಪೋರ್ಟಲ್ ಐಎಂಇಐ ಕೇಳಿದಾಗ ಕೊಡುವುದೇನು?

ಕೆಲವು ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರ್ ಇನ್ನೂ ವಿಚಿತ್ರವಾಗಿ ಕೆಡುತ್ತದೆ. ಡೆಲ್ ಯಂತ್ರಗಳ ಸರ್ವಿಸ್ ಟ್ಯಾಗ್‌ನಲ್ಲಿ 7 ಅಕ್ಷರ-ಅಂಕಿಗಳಿರುತ್ತವೆ. ಅದು 12345, ನಂತರ ಇಂಗ್ಲಿಷಿನ ‘ಇ’, ನಂತರ 7 ಎಂದಿದ್ದರೆ ಎಕ್ಸೆಲ್ ಅದನ್ನು 12345 ಗುಣಿಸು 10ರ ಘಾತ 7 ಎಂದು ಓದಿ 123450000000 ಮಾಡಿಬಿಡುತ್ತದೆ. ಸಾವಿರ ಯಂತ್ರಗಳಲ್ಲಿ ಇಂಥ ಒಂದೆರಡು ಸಿಗಬಹುದಷ್ಟೆ. ಹಾಗಾಗಿಯೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ತಾರೀಖು. ನಮಗೆ 05/08/2025 ಎಂದರೆ ಆಗಸ್ಟ್ 5. ಅಮೆರಿಕದ ಕ್ರಮದಲ್ಲಿ ಹೊಂದಿಸಿದ ಕಂಪ್ಯೂಟರ್‌ಗೆ ಅದು ಮೇ 8. ತಿಂಗಳ 13ರ ನಂತರದ ದಿನಗಳಾದರೆ 13ನೇ ತಿಂಗಳು ಇಲ್ಲದ ಕಾರಣ ಅದು ತಡವರಿಸುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. 12ರ ಒಳಗಿನ ದಿನಗಳು ಮಾತ್ರ ಸದ್ದಿಲ್ಲದೆ ತಿರುವುಮುರುವಾಗುತ್ತವೆ. ವಾರಂಟಿ ಇನ್ನೂ ಮೂರು ತಿಂಗಳಿರುವ ಯಂತ್ರದ ರಿಪೇರಿಗೆ ಕೈಯಿಂದ ಹಣ ಕೊಡುವುದು ಹೀಗೆ.

ಕನ್ನಡದಲ್ಲಿ ಹೆಸರು, ವಿಳಾಸ ಬರೆಯುವವರಿಗೆ ಮತ್ತೊಂದು ಎಚ್ಚರ. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಅದೇ ಮೆನುವಿನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂಬ ಇನ್ನೊಂದು ಆಯ್ಕೆ ಇದೆ, ಅದನ್ನೇ ಆರಿಸಬೇಕು.

ಎಕ್ಸೆಲ್‌ನ ಈ ಚಾಳಿ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ‘ಸೆಪ್ಟ್1’, ‘ಮಾರ್ಚ್1’ ಎಂಬ ಹೆಸರಿನ ಜೀನ್‌ಗಳನ್ನು ಅದು ಸೆಪ್ಟೆಂಬರ್ 1, ಮಾರ್ಚ್ 1 ಎಂದು ಬದಲಿಸುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು, ಇಂಥ ಹೆಸರುಗಳನ್ನೇ ಬದಲಿಸಿತು: ಸೆಪ್ಟ್1 ಈಗ ಸೆಪ್ಟಿನ್1. ಈ ತಾನಾಗಿ ಬದಲಿಸುವ ಅಭ್ಯಾಸವನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಸೇರಿಸಿದ್ದು 2023ರಲ್ಲಿ.

ಅರ್ಧಕ್ಕೆ ನಿಂತ ಇಂಪೋರ್ಟ್ ಎಷ್ಟು ದುಬಾರಿ ಎನ್ನುವುದಕ್ಕೆ ಇಂಗ್ಲೆಂಡಿನ ಉದಾಹರಣೆ ಸಾಕು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಕೋವಿಡ್ ಪಾಸಿಟಿವ್ ಪ್ರಕರಣಗಳು ಅಲ್ಲಿನ ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಕಾರಣ, ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಫೈಲ್ ಮಾದರಿಗೆ ತುಂಬುತ್ತಿದ್ದರು. ಆ ಮಾದರಿಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ, ಮಿಕ್ಕಿದ್ದು ಹೊರಗೇ ಉಳಿಯಿತು. ಸೋಂಕಿತರಿಗೆ ಅವರ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ದಿನಗಟ್ಟಲೆ ತಡವಾಯಿತು. ಕಳಿಸಿದ್ದು ಎಷ್ಟು ಸಾಲು, ಒಳಗೆ ಹೋದದ್ದು ಎಷ್ಟು ಎಂದು ಎರಡು ಸಂಖ್ಯೆ ಹೋಲಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಒಂದೇ ಯಂತ್ರ, ಎರಡು ಗುರುತು

ಫೈಲು ಶುದ್ಧವಾಗಿದೆ ಎಂದುಕೊಳ್ಳೋಣ. ಮುಂದಿನ ಪ್ರಶ್ನೆ: ಈಗ ಬಂದ ಸಾಲು ಹೊಸ ಯಂತ್ರವೋ, ಈಗಾಗಲೇ ಪಟ್ಟಿಯಲ್ಲಿರುವ ಯಂತ್ರವೋ? ಇದನ್ನು ತೀರ್ಮಾನಿಸಲು ಸಾಫ್ಟ್‌ವೇರ್‌ಗೆ ಒಂದು ಗುರುತು ಬೇಕು, ಒಂದು ಯಂತ್ರಕ್ಕೆ ಒಂದೇ ಇರುವಂಥದ್ದು. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ಜೀವಾಳ ಇದೇ. ಉಳಿದದ್ದೆಲ್ಲ ಆಮೇಲೆ.

ಬಳಸುವವರ ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳುವುದು ಅತ್ಯಂತ ಕೆಟ್ಟ ಆಯ್ಕೆ. ಕರ್ನಾಟಕದ ಯಾವುದೇ ದೊಡ್ಡ ಕಚೇರಿಯಲ್ಲಿ ಮಂಜುನಾಥ ಎಂಬುವರು ಎಷ್ಟು ಜನ? ಅದರ ಮೇಲೆ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಟಿ’ ಜೊತೆ ‘ಎಚ್’ ಹಾಕುತ್ತಾರೆ, ಇನ್ನೊಬ್ಬರು ಕೊನೆಗೆ ‘ಎ’ ಸೇರಿಸುತ್ತಾರೆ, ಮತ್ತೊಬ್ಬರ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ.

ಸೀರಿಯಲ್ ನಂಬರ್ ಒಳ್ಳೆಯದು, ಆದರೆ ಅದೂ ಕೈಕೊಡುವುದುಂಟು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ ‘ಇದನ್ನು ತಯಾರಕರು ತುಂಬಬೇಕು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೇ ಉಳಿದಿರುತ್ತದೆ. ಯಾರೂ ತುಂಬಿರುವುದಿಲ್ಲ! ಸಾಫ್ಟ್‌ವೇರ್ ಅದನ್ನೇ ಸೀರಿಯಲ್ ನಂಬರ್ ಎಂದು ಓದಿದರೆ 20 ಯಂತ್ರಗಳು ಒಂದೇ ಯಂತ್ರವಾಗಿ ಸೇರಿಹೋಗುತ್ತವೆ.

ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬಳಸಬಹುದಲ್ಲ ಎಂದು ಹಿಂದೆ ಹೇಳುತ್ತಿದ್ದರು. ತೆಳ್ಳನೆಯ ಲ್ಯಾಪ್‌ಟಾಪ್‌ಗಳಿಗೆ ಕೇಬಲ್ ಸಿಕ್ಕಿಸಲು ಯುಎಸ್‌ಬಿ ಅಡಾಪ್ಟರ್ ಬೇಕು, ಮ್ಯಾಕ್ ವಿಳಾಸ ಇರುವುದು ಆ ಅಡಾಪ್ಟರ್‌ನಲ್ಲಿ. ಒಂದೇ ಅಡಾಪ್ಟರ್ ಇಬ್ಬರು ಬಳಸಿದರೆ ಎರಡು ಯಂತ್ರಕ್ಕೂ ಒಂದೇ ಗುರುತು. ಫೋನುಗಳಲ್ಲಿ ಇದಕ್ಕೆ ಉಲ್ಟಾ: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಖಾಸಗಿತನ ಕಾಪಾಡಲು ಫೋನು ಒಂದೊಂದು ವೈಫೈಗೆ ಒಂದೊಂದು ಬೇರೆ ಮ್ಯಾಕ್ ವಿಳಾಸ ತೋರಿಸುತ್ತದೆ. ನಮಗೆ ಒಳ್ಳೆಯದೇ. ಆದರೆ ಲೆಕ್ಕ ಇಡುವವರಿಗೆ ಒಂದು ಫೋನ್ ಮೂರಾಗಿ ಕಾಣುತ್ತದೆ.

ಹೀಗಾಗಿ ಯಂತ್ರದ ಮೇಲೆ ಸಂಸ್ಥೆಯೇ ಅಂಟಿಸುವ ಅಸೆಟ್ ಟ್ಯಾಗ್ ಮತ್ತು ತಯಾರಕರ ಸೀರಿಯಲ್ ನಂಬರ್, ಎರಡನ್ನೂ ಸೇರಿಸಿ ನೋಡುವುದು ರೂಢಿ. ಮೊದಲು ಹೇಳಿದ ಇಮೇಲ್ ಬರುವ ಒಂದು ದಾರಿ ಇಲ್ಲಿದೆ: ಒಂದೇ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಎರಡಾಗಿರುತ್ತದೆ, ವಾಪಸು ಬಂದಾಗ ಒಂದು ಸಾಲು ಮಾತ್ರ ಮುಚ್ಚುತ್ತದೆ.

ಸಿಂಕ್ ಮಾಡುವುದು ಒಳ್ಳೆಯದನ್ನು ಮಾತ್ರವಲ್ಲ

ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಫೋನ್ ಇರುವ ಪ್ರತಿಯೊಬ್ಬರಿಗೂ ತಿಳಿದಿರಬೇಕಾದ ವಿಷಯ ಇದು. ಬ್ಯಾಕಪ್ ಎಂದರೆ ನಿನ್ನೆಯ ಸ್ಥಿತಿಯ ಒಂದು ಪ್ರತಿ ಬೇರೆ ಕಡೆ ಭದ್ರವಾಗಿರುವುದು. ಸಿಂಕ್ ಎಂದರೆ ಇಲ್ಲಿ ಆದದ್ದು ಅಲ್ಲೂ ಆಗುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಜಾಗ ಸಾಲದೆಂದು ಗೂಗಲ್ ಫೋಟೋಸ್‌ನಲ್ಲಿ ಚಿತ್ರ ಡಿಲೀಟ್ ಮಾಡಿ ‘ಕ್ಲೌಡ್‌ನಲ್ಲಿ ಇದ್ದೇ ಇರುತ್ತದಲ್ಲ’ ಎಂದುಕೊಳ್ಳುವವರು ಇದ್ದಾರೆ. ಇರುವುದಿಲ್ಲ. ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಟ್ರ್ಯಾಶ್‌ನಲ್ಲಿದ್ದು ಆಮೇಲೆ ಪೂರ್ತಿ ಹೋಗುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಅಳಿಸಿದ ನಂಬರ್‌ಗಳಿಗೆ 30 ದಿನದ ಅವಕಾಶ.

ಕಚೇರಿಯ ಪಟ್ಟಿಯಲ್ಲೂ ಇದೇ ನಿಯಮ. ಲ್ಯಾಪ್‌ಟಾಪ್ ಯಾರ ಬಳಿ ಇದೆ ಎನ್ನುವುದನ್ನು ಅಸೆಟ್ ಸಾಫ್ಟ್‌ವೇರ್, ಉದ್ಯೋಗಿ ಇದ್ದಾರೋ ಬಿಟ್ಟರೋ ಎನ್ನುವುದನ್ನು ಎಚ್‌ಆರ್ ವ್ಯವಸ್ಥೆ, ಯಂತ್ರದಲ್ಲಿ ಯಾವ ವಿಂಡೋಸ್ ಇದೆ ಎನ್ನುವುದನ್ನು ಯಂತ್ರದೊಳಗಿನ ಪುಟ್ಟ ಏಜೆಂಟ್ ತಂತ್ರಾಂಶ ಹೇಳಬೇಕು. ಯಾವ ಕಾಲಂಗೆ ಯಾರು ಯಜಮಾನರು ಎಂದು ಬರೆದಿಡದೆ ‘ಎರಡೂ ಕಡೆ ಸಿಂಕ್’ ಎಂದು ಒತ್ತಿಬಿಟ್ಟರೆ ಒಬ್ಬರು ಬೆಳಿಗ್ಗೆ ತಿದ್ದಿದ್ದನ್ನು ಇನ್ನೊಂದು ವ್ಯವಸ್ಥೆ ರಾತ್ರಿ ಹಳೆಯದಕ್ಕೇ ತಿರುಗಿಸುತ್ತದೆ. ‘ನಾನು ಅಪ್‌ಡೇಟ್ ಮಾಡಿದ್ದೆ, ಮತ್ತೆ ಹಳೆಯದೇ ಬಂದಿದೆ’ ಎಂದು ಐಟಿ ವಿಭಾಗದವರು ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ.

ಖಾಲಿ ಜಾಗದ ಕಾಟ ಇನ್ನೊಂದು. ಹೊರಗಿನಿಂದ ಬಂದ ಸಾಲಿನಲ್ಲಿ ‘ಸ್ಥಳ’ ಎಂಬಲ್ಲಿ ಏನೂ ಇಲ್ಲ. ಗೊತ್ತಿಲ್ಲ ಎಂದು ಅರ್ಥವೋ, ಇದ್ದದ್ದನ್ನು ಅಳಿಸು ಎಂದು ಅರ್ಥವೋ? ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಹೊಂದಿಸದಿದ್ದರೆ ಎರಡನೆಯದೇ ಆಗಿ, ಹುಬ್ಬಳ್ಳಿ, ಮಂಗಳೂರು ಶಾಖೆಗಳ ಯಂತ್ರಗಳೆಲ್ಲ ಒಂದೇ ರಾತ್ರಿಯಲ್ಲಿ ಎಲ್ಲಿಯೂ ಇಲ್ಲದವಾಗುತ್ತವೆ.

ಇನ್ನು ಬೀರುವಿನೊಳಗೆ ಮಲಗಿರುವ ಲ್ಯಾಪ್‌ಟಾಪ್. ಏಜೆಂಟ್ ವರದಿ ಮಾಡಬೇಕಾದರೆ ಯಂತ್ರ ಆನ್ ಆಗಿ ಇಂಟರ್ನೆಟ್‌ಗೆ ಸೇರಿರಬೇಕು. ತಿಂಗಳುಗಟ್ಟಲೆ ಸದ್ದಿಲ್ಲದಿದ್ದರೆ ಪಟ್ಟಿಯಿಂದ ತೆಗೆದುಹಾಕು ಎಂದು ಕೆಲವು ಕಡೆ ನಿಯಮ ಇಟ್ಟಿರುತ್ತಾರೆ. ಪಟ್ಟಿ ಚೊಕ್ಕವಾಗಿ ಕಾಣುತ್ತದೆ. ಆದರೆ ಸದ್ದಿಲ್ಲದ ಯಂತ್ರವೇ ಕಳೆದುಹೋದ ಯಂತ್ರವೂ ಆಗಿರಬಹುದು. ಅದನ್ನು ಅಳಿಸುವ ಬದಲು ಬೇರೆ ಪಟ್ಟಿಗೆ ಹಾಕಿ, ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಬೇಕು. ಪರದೆಯ ಮೇಲೆ ‘ಸಿಂಕ್ ಯಶಸ್ವಿ’ ಎಂಬ ಹಸಿರು ಗುರುತು ಹೇಳುವುದು ಎರಡು ಪಟ್ಟಿ ಒಂದೇ ಆಗಿವೆ ಎಂದಷ್ಟೆ, ಪಟ್ಟಿಗೂ ಬೀರುವಿಗೂ ತಾಳೆಯಾಗಿದೆ ಎಂದಲ್ಲ.

ಇದೆಲ್ಲ ಬರೀ ಕಚೇರಿಯ ತಲೆನೋವೇ?

ಅಲ್ಲ. ಆ ಯಂತ್ರಗಳೊಳಗೆ ಇರುವುದು ನಮ್ಮ ಮಾಹಿತಿ. ಅಮೆರಿಕದ ಮಾರ್ಗನ್ ಸ್ಟಾನ್ಲಿ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರ್, ಹಾರ್ಡ್ ಡಿಸ್ಕ್‌ಗಳನ್ನು ವಿಲೇವಾರಿ ಮಾಡುವ ಕೆಲಸವನ್ನು ಡೇಟಾ ಅಳಿಸಿ ಅನುಭವವೇ ಇಲ್ಲದ ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಕೊಟ್ಟಿತ್ತು. ಗ್ರಾಹಕರ ಮಾಹಿತಿ ಇದ್ದ ಕೆಲವು ಸಾಧನಗಳು ಕೊನೆಗೆ ಆನ್‌ಲೈನ್ ಹರಾಜಿನಲ್ಲಿ ಮಾರಾಟವಾದವು. ಮುಂದೆ ಶಾಖೆಗಳ ಸರ್ವರ್‌ಗಳನ್ನು ತೆಗೆಯುವಾಗ ದಾಖಲೆ ತಾಳೆ ನೋಡಿದರೆ 42 ಸರ್ವರ್‌ಗಳು ಕಾಣೆ! ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ಕಾಪಾಡುವಲ್ಲಿ ಸೋತದ್ದಕ್ಕೆ ಅಲ್ಲಿನ ಷೇರುಪೇಟೆ ನಿಯಂತ್ರಕರು 2022ರ ಸೆಪ್ಟೆಂಬರ್‌ನಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದರು. ಸಂಸ್ಥೆ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ದಂಡ ಕಟ್ಟಲು ಸಮ್ಮತಿಸಿತು.

ಸೆಂಟರ್ ಫಾರ್ ಇಂಟರ್ನೆಟ್ ಸೆಕ್ಯುರಿಟಿ ಎಂಬ ಸಂಸ್ಥೆಯ ಸೈಬರ್ ಭದ್ರತಾ ಕ್ರಮಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಮೊದಲ ಕ್ರಮ ಪಾಸ್‌ವರ್ಡ್ ಅಲ್ಲ, ಆ್ಯಂಟಿವೈರಸ್ ಅಲ್ಲ. ಯಾವ್ಯಾವ ಸಾಧನಗಳಿವೆ ಎಂದು ಲೆಕ್ಕ ಇಡುವುದು.

ಲ್ಯಾಪ್‌ಟಾಪ್ ವಾಪಸು ಕೊಡುವಾಗ, ಪಟ್ಟಿ ತುಂಬುವಾಗ

ಕಚೇರಿಯ ಯಂತ್ರ ಹಿಂದಿರುಗಿಸುವಾಗ ‘ಲ್ಯಾಪ್‌ಟಾಪ್ ಪಡೆದಿದ್ದೇವೆ’ ಎಂಬ ಚೀಟಿ ಸಾಲದು. ಅದರಲ್ಲಿ ಸೀರಿಯಲ್ ನಂಬರ್ ಮತ್ತು ಅಸೆಟ್ ಟ್ಯಾಗ್ ಬರೆಸಿಕೊಳ್ಳಿ. ಯಂತ್ರದ ಕೆಳಭಾಗದ ಸ್ಟಿಕರ್‌ನ ಫೋಟೋ ತೆಗೆದು ನಿಮ್ಮ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಕಚೇರಿಯ ಇಮೇಲ್ ಮರುದಿನವೇ ಮುಚ್ಚಿರುತ್ತದೆ. ನಡುವೆ ರಿಪೇರಿಗೆ ಕೊಟ್ಟು ಬೇರೆ ಯಂತ್ರ ಪಡೆದಿದ್ದರೆ ಆ ಹಳೆಯದು ನಿಮ್ಮ ಹೆಸರಿನಿಂದ ಇಳಿದಿದೆಯೇ ಎಂದು ಅಂದೇ ಕೇಳಿ. ಕೊರಿಯರ್‌ನಲ್ಲಿ ಕಳಿಸಿದ್ದರೆ ರಸೀದಿ ಎಸೆಯಬೇಡಿ.

ಶಾಲೆ, ಸಂಘ, ಸಣ್ಣ ಕಚೇರಿಗಳಲ್ಲಿ ಪಟ್ಟಿ ಇಂಪೋರ್ಟ್ ಮಾಡುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ಮೊದಲು 10 ಸಾಲು ಮಾತ್ರ ಹಾಕಿ ನೋಡಿ. ನಂಬರ್ ಇರುವ ಕಾಲಂಗಳನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಮಾಡಿ. ತುಂಬಿದ ಮೇಲೆ ಮಾಡಿದರೆ ಕಳೆದ ಸೊನ್ನೆ ಹಿಂದಿರುಗುವುದಿಲ್ಲ. ತಾರೀಖನ್ನು 2025-08-05 ಎಂದು ವರ್ಷ ಮೊದಲಾಗಿ ಬರೆದರೆ ಯಾರಿಗೂ ಗೊಂದಲವಿಲ್ಲ. ಮೂಲ ಫೈಲನ್ನು ಮುಟ್ಟದೆ ಪ್ರತಿಯಲ್ಲಿ ಕೆಲಸ ಮಾಡಿ.

ನಿಮ್ಮ ಫೋನಿನಲ್ಲಿ ಕಚೇರಿ ಆ್ಯಪ್ ಹಾಕಿದರೆ ವಾಟ್ಸ್ಆ್ಯಪ್ ಓದುತ್ತಾರೆಯೇ?

ಈ ಭಯದ ಫಾರ್ವರ್ಡ್‌ಗಳು ಆಗಾಗ ಓಡಾಡುತ್ತಿರುತ್ತವೆ. ಫೋನ್ ನಿಮ್ಮ ಸ್ವಂತದ್ದು, ಕಚೇರಿಯ ಆ್ಯಪ್‌ಗಳು ಆಂಡ್ರಾಯ್ಡ್‌ನ ವರ್ಕ್ ಪ್ರೊಫೈಲ್‌ನಲ್ಲಿ, ಅಂದರೆ ಪುಟ್ಟ ಬ್ರೀಫ್‌ಕೇಸ್ ಗುರುತಿನೊಂದಿಗೆ ಪ್ರತ್ಯೇಕವಾಗಿ ಇವೆ ಎಂದಾದರೆ, ಅದರ ಹೊರಗಿನ ನಿಮ್ಮ ಫೋಟೋ, ಮೆಸೇಜು, ಆ್ಯಪ್‌ಗಳು ಕಚೇರಿಯ ನಿರ್ವಾಹಕರಿಗೆ ಕಾಣುವುದಿಲ್ಲ. ಅವರ ಪಟ್ಟಿಗೆ ಹೋಗುವುದು ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಕಚೇರಿ ಭಾಗದಲ್ಲಿರುವ ಆ್ಯಪ್‌ಗಳು, ಇಂಥವು. ಆಂಡ್ರಾಯ್ಡ್ 12ರಿಂದ ಈಚೆಗೆ ಸ್ವಂತ ಫೋನಿನ ಐಎಂಇಐ, ಸೀರಿಯಲ್ ನಂಬರ್ ಕೂಡ ಈ ವಿಧಾನದಲ್ಲಿ ಸಿಗುವುದಿಲ್ಲ. ಬದಲಿಗೆ ಆ ಸಂಸ್ಥೆಗೆಂದೇ ಹುಟ್ಟುವ ಒಂದು ಬೇರೆ ಗುರುತಿನ ಸಂಖ್ಯೆ ಕೊಡುತ್ತದೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಅದೇ ಸಂಸ್ಥೆಗೆ ಮತ್ತೆ ಸೇರಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ನಿಮ್ಮ ಫೋನ್ ಎರಡಾಗುವುದಿಲ್ಲ, ನಿಮ್ಮ ಐಎಂಇಐ ಹೊರಗೂ ಹೋಗುವುದಿಲ್ಲ.

ಕಚೇರಿಯೇ ಕೊಟ್ಟ ಫೋನಾದರೆ ಮಾತು ಬೇರೆ. ಪೂರ್ತಿ ಸಂಸ್ಥೆಯ ಹಿಡಿತದಲ್ಲಿರುವಂತೆ ಹೊಂದಿಸಿದ ಫೋನಿನಲ್ಲಿ ಯಾವ ಆ್ಯಪ್‌ಗಳಿವೆ ಎಂಬುದು ಅವರಿಗೆ ಕಾಣುತ್ತದೆ, ದೂರದಿಂದಲೇ ಇಡೀ ಫೋನನ್ನು ಅಳಿಸಲೂ ಬರುತ್ತದೆ. ಅಂಥ ಫೋನಿನಲ್ಲಿ ಮಗುವಿನ ಫೋಟೋ, ಬ್ಯಾಂಕಿನ ಕಾಗದ ಪತ್ರ ಇಟ್ಟುಕೊಂಡಿದ್ದರೆ ಕೆಲಸ ಬಿಡುವ ದಿನದ ಮೊದಲೇ ಅವನ್ನು ಬೇರೆಡೆಗೆ ತೆಗೆದುಕೊಳ್ಳಿ.